ಹಿಟ್ಟಿಗೆ ಸೀಟ್‌ಬೆಲ್ಟ್ ಹಾಕುವ ಸಾವಿತ್ರಿಯಕ್ಕ

ವಡೋದರಾಕ್ಕೆ ಬಂದ ಮೊದಲ ವಾರವೇ ನಾನು ಆ ಕ್ವಾಲಿಸ್ ನೋಡಿದ್ದು. ಮಕರಪುರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಿಚ್‌ಗೇರ್ ಮಾಡುವ ಒಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳೂಕಾಲಕ್ಕೆ ಗೇಟಿನ ಹೊರಗೆ ನಿಂತಿದ್ದಾಗ ಹಿಂದಿನಿಂದ ಡೀಸೆಲ್ ಎಂಜಿನ್ನಿನ ಸದ್ದು ಕೇಳಿಸಿತು. ತಿರುಗಿ ನೋಡುವ ಮೊದಲೇ ಅದು ಕ್ವಾಲಿಸ್ ಅಂತ ನನಗೆ ಗೊತ್ತಾಗಿಹೋಯಿತು. ಏನು ಮಾಡುವುದು, ಏಳನೇ ಕ್ಲಾಸಿನಿಂದ ಕಾರಿನ ಹುಚ್ಚು. ಅದರಲ್ಲೂ ಟೊಯೋಟಾ ಅಂದರೆ ಊಟ ಬಿಟ್ಟು ಮಾತಾಡುತ್ತೇನೆ. ದಾವಣಗೆರೆಯಲ್ಲಿ ನಮ್ಮಮ್ಮ, 'ಮೇದಿನಿ, ಹೆಣ್ಣು ನೋಡೋಕೆ ಬಂದವರ ಹತ್ರ ದಯವಿಟ್ಟು ಎಂಜಿನ್ ಸಿಸಿ ಕೇಳಬೇಡ' ಅಂತ ಕೈ ಮುಗಿದಿದ್ದುಂಟು.

ಬಿಳಿ ಬಣ್ಣದ ಗಾಡಿ, ಹತ್ತಿರ ಹತ್ತಿರ ಇಪ್ಪತ್ತು ವರ್ಷ ಹಳೆಯದು. ಡ್ರೈವರ್ ಸೀಟಿನಲ್ಲಿ ಐವತ್ತೇಳು ಐವತ್ತೆಂಟರ ಒಬ್ಬ ಹೆಂಗಸು. ಕಾಟನ್ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಪಕ್ಕದ ಸೀಟಿನಲ್ಲಿ ಮೊಳಕ್ಕಿಂತ ಎತ್ತರದ ಸ್ಟೀಲ್ ಪಾತ್ರೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮೇಲಿಂದ ಅಡ್ಡಕ್ಕೆ ಸೀಟ್‌ಬೆಲ್ಟ್ ಹಾಕಿದ್ದರು. ಹಿಂದಿನ ಸೀಟಿನಲ್ಲಿ ಸಣಕಲು ಯಜಮಾನರೊಬ್ಬರು ಸಾಂಬಾರಿನ ಕ್ಯಾನನ್ನು ಮಂಡಿ ನಡುವೆ ಒತ್ತಿಕೊಂಡು ಕೂತಿದ್ದರು.

ಗಾಡಿ ನಿಂತಿತು. ಹಿಂದಿನ ಬಾಗಿಲು ಮೇಲಕ್ಕೆದ್ದಿತು. ಆಮೇಲೆ ಕೇಳಿದ ಕನ್ನಡದ ಮಾತಿಗೆ ನಾನು ಅಲ್ಲೇ ಕುಣಿದುಬಿಡುವುದೊಂದು ಬಾಕಿ.

"ಓಯ್, ಚಟ್ನಿ ಡಬ್ಬ ಎಲ್ಲಿ? ಪುನಃ ಮರೆತು ಬಂದ್ರಾ?"

"ನಿನ್ನ ಕಾಲಡಿಯೇ ಉಂಟಲ್ಲ, ನೋಡು" ಅಂದರು ಯಜಮಾನರು.

ನಾನು ಹತ್ತಿರ ಹೋದೆ. "ಅಕ್ಕಾ, ಇದು ಎರಡು ಸಾವಿರದ ಮೂರರ ಮಾಡೆಲ್ ಅಲ್ವಾ?"

ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನಿಂಗೆ ಇಡ್ಲಿ ಬೇಕಾ, ಕಾರು ಬೇಕಾ?"

"ಎರಡೂ."

"ಇಡ್ಲಿ ಉಂಟು. ಕಾರು ಕೊಡುದಕ್ಕಿಲ್ಲ. ಪ್ಲೇಟ್ ಹಿಡಿ."

ಹೀಗೆ ನನಗೆ ಸಾವಿತ್ರಿಯಕ್ಕ ಮತ್ತು ಅವರ ಗಂಡ ಗೋಪಾಲಕೃಷ್ಣ ಭಟ್ರು ಸಿಕ್ಕಿದ್ದು. ಎರಡೇ ತಿಂಗಳಲ್ಲಿ ನಾನು ಮಾಂಜಲ್‌ಪುರದಲ್ಲಿ ಅವರ ಮನೆಯ ಮೇಲಿನ ರೂಮಿಗೇ ಬಾಡಿಗೆಗೆ ಬಂದೆ.

ಸಾವಿತ್ರಿಯಕ್ಕ ಉಡುಪಿ ಹತ್ತಿರದ ಹಿರಿಯಡ್ಕದವರು. ೧೯೮೮ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದಾಗ ಭಟ್ರು ಕೊಯಾಲಿಯಲ್ಲಿ, ರಿಫೈನರಿ ಟೌನ್‌ಶಿಪ್ಪಿನ ಎದುರಿನ ಉಡುಪಿ ಹೋಟೆಲಿನಲ್ಲಿ ಅಡುಗೆಯವರು. ಎಂಟು ವರ್ಷದ ಮೇಲೆ ಗಂಡ ಹೆಂಡತಿ ಸೇರಿ ಸ್ವಂತಕ್ಕೆ ಶುರು ಮಾಡಿದರು. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ಮನೆಯಲ್ಲೇ ಇಡ್ಲಿ ಬೇಯಿಸಿ ಮಕರಪುರದ ಒಂದು ಕಾರ್ಖಾನೆಯ ಗೇಟಿನಲ್ಲಿ ಮಾರುವುದು. ಮೊದಲು ಕೈಗಾಡಿ, ಆಮೇಲೆ ಲೋಡಿಂಗ್ ರಿಕ್ಷಾ. ರಿಕ್ಷಾದವನು ಹತ್ತು ನಿಮಿಷ ತಡ ಮಾಡಿದರೆ ಶಿಫ್ಟ್ ಒಳಗೆ ಹೋಗಿಬಿಡುತ್ತಿತ್ತು, ಇಡ್ಲಿ ಡಬ್ಬದಲ್ಲೇ ಉಳಿಯುತ್ತಿತ್ತು. ಎರಡನೇ ಗೇಟಿನ ಮಾತೇ ಇಲ್ಲ.

೨೦೦೬ರಲ್ಲಿ ಅಹಮದಾಬಾದಿನ ಮಣಿನಗರದಲ್ಲಿ ಒಂದು ಕ್ವಾಲಿಸ್ ಮಾರಾಟಕ್ಕಿದೆ ಅಂತ ಗೊತ್ತಾಯಿತು. ಬಟ್ಟೆ ವ್ಯಾಪಾರಿಯೊಬ್ಬರ ಮನೆಯದು. ಒಂಬತ್ತು ಜನರ ಕುಟುಂಬ ಅದರಲ್ಲೇ ಅಂಬಾಜಿಯ ದೇವಸ್ಥಾನಕ್ಕೆ ಹೋಗಿಬರುತ್ತಿತ್ತು. ಆಮೇಲೆ ಮೂವರು ಗಂಡುಮಕ್ಕಳು ಬೇರೆಯಾಗಿ, ಒಬ್ಬೊಬ್ಬರೂ ಒಂದೊಂದು ಸಣ್ಣ ಕಾರು ತಗೊಂಡರು. ದೊಡ್ಡ ಕಾರು ಯಾರಿಗೂ ಬೇಡವಾಯಿತು. ಅಕ್ಕ ಅದನ್ನು ಕೊಂಡರು, ಅವರ ಪಕ್ಕದ ಮನೆಯವರೊಬ್ಬರು ಓಡಿಸಿಕೊಂಡು ವಡೋದರಾಕ್ಕೆ ತಂದರು. ದಾರಿಯುದ್ದಕ್ಕೂ ಸಾವಿತ್ರಿಯಕ್ಕ ಪಕ್ಕದಲ್ಲಿ ಕೂತು ರಸ್ತೆ ನೋಡಲಿಲ್ಲ, ಅವರ ಕಾಲು ನೋಡಿದರು. ಯಾವಾಗ ಯಾವುದನ್ನು ಒತ್ತುತ್ತಾರೆ, ಎಷ್ಟು ಹೊತ್ತು ಒತ್ತುತ್ತಾರೆ ಅಂತ.

ಭಟ್ರು ಒಂದು ಸಲ ಮೊಪೆಡ್ಡನ್ನು ಬೇವಿನ ಮರಕ್ಕೆ ಗುದ್ದಿದ ಮೇಲೆ ಹ್ಯಾಂಡಲ್ಲಿಗೆ ಕೈ ಹಾಕುವುದಿಲ್ಲ ಅಂತ ತೀರ್ಮಾನ ಮಾಡಿದ್ದರು. ಹಾಗಾಗಿ ನಲವತ್ತೊಂದನೇ ವಯಸ್ಸಿನಲ್ಲಿ ಸಾವಿತ್ರಿಯಕ್ಕ ಡ್ರೈವಿಂಗ್ ಕಲಿತರು. ಭಾನುವಾರ ಮಕರಪುರದ ಎಸ್ಟೇಟಿನಲ್ಲಿ ನಾಯಿಗಳು ಬಿಟ್ಟರೆ ಯಾರೂ ಇರುವುದಿಲ್ಲ. ಅಲ್ಲಿ ಖಾಲಿ ಎಣ್ಣೆ ಡಬ್ಬಗಳನ್ನು ಸಾಲಾಗಿ ಇಟ್ಟು ರಿವರ್ಸ್ ಅಭ್ಯಾಸ. ಡಬ್ಬದ ಪಕ್ಕ ಭಟ್ರು.

"ಇವರಿಗೆ ಎರಡೇ ಮಾತು ಬರುದು" ಅಂತ ಅಕ್ಕ ಈಗಲೂ ಹೇಳುತ್ತಾರೆ. "ಬರ್ಲಿ ಬರ್ಲಿ, ಸಾಕು. ಸಾಕು ಅಂತ ಹೇಳುದು ಡಬ್ಬ ಚಪ್ಪಟೆ ಆದ ಮೇಲೆ."

"ನಾನು ಸಾಕು ಅಂದದ್ದು ಕಾರಿಗಲ್ಲ, ನಂಗೇ ಸಾಕಾಗಿತ್ತು" ಅನ್ನುತ್ತಾರೆ ಭಟ್ರು.

ಕಾರು ಬಂದ ಮೇಲೆ ಒಂದು ಗೇಟು ಮೂರಾಯಿತು. ಏಳೂಕಾಲಕ್ಕೆ ನಮ್ಮ ಗೇಟು, ಎಂಟಕ್ಕೆ ಇನ್ನೊಂದು, ಎಂಟೂಮುಕ್ಕಾಲಿಗೆ ಮೂರನೆಯದು. ಮೂರನೇ ಕಾರ್ಖಾನೆಯವರು ಕ್ಯಾಂಟೀನಿನಲ್ಲಿ ಒಂದು ಕಾವಲಿ ಬಿಟ್ಟುಕೊಟ್ಟಿದ್ದಾರೆ, ಅಲ್ಲಿ ಅಕ್ಕ ದೋಸೆ ಹುಯ್ಯುತ್ತಾರೆ. ಆ ದೋಸೆಯ ಹಿಟ್ಟೇ ಮುಂದಿನ ಸೀಟಿನಲ್ಲಿ ಕೂತುಕೊಂಡು ಬರುವುದು. ಶುರುವಿನಲ್ಲಿ ಹಿಂದೆ ಇಟ್ಟಿದ್ದರಂತೆ. ಮೊದಲ ದಿನವೇ ಸ್ಪೀಡ್ ಬ್ರೇಕರಿನಲ್ಲಿ ಪಾತ್ರೆ ಜಾರಿ ಭಟ್ರ ಮಡಿಲಿಗೆ ಬಂತು. ಅವತ್ತಿನಿಂದ ಹಿಟ್ಟು ಮುಂದೆ, ಬೆಲ್ಟ್ ಹಾಕಿಕೊಂಡು. ಭಟ್ರು ಹಿಂದೆ, ಹಾಗೇ.

"ನಮ್ಮ ಮನೆಯಲ್ಲಿ ಹಿಟ್ಟಿಗೆ ಇರುವ ಮರ್ಯಾದೆ ಗಂಡನಿಗಿಲ್ಲ" ಅನ್ನುವುದು ಭಟ್ರ ದಿನದ ಮಾತು.

ನಾನು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಟೊಯೋಟಾ ಇಟ್ಟುಕೊಂಡವರ ಒಂದು ವಾಟ್ಸಾಪ್ ಗ್ರೂಪಿನಲ್ಲಿದ್ದೇನೆ. ನೂರ ನಲವತ್ತು ಜನರಲ್ಲಿ ಕಾರಿಲ್ಲದವಳು ನಾನೊಬ್ಬಳೇ. ಕಂಪನಿಯ ಚರಿತ್ರೆ ಬರೆದು ಹಾಕುತ್ತೇನೆ, ಮಾಲೀಕರ ಅಭಿಪ್ರಾಯ ಕೇಳಿ ಕೂಡಿಸುತ್ತೇನೆ ಅನ್ನುವ ಕಾರಣಕ್ಕೆ ಇಟ್ಟುಕೊಂಡಿದ್ದಾರೆ. ಒಬ್ಬೊಬ್ಬರದೂ ಒಂದೊಂದು. ಅಹಮದಾಬಾದಿನ ಹಲ್ಲಿನ ಡಾಕ್ಟರೊಬ್ಬರು ತಮ್ಮ ಕ್ವಾಲಿಸ್ ಬಗ್ಗೆ ಬರೆದಿದ್ದರು: 'ಈ ಗಾಡಿಯ ತೊಂದರೆ ಒಂದೇ. ಕೆಡುವುದಿಲ್ಲ. ಹೊಸದು ತಗೊಳ್ಳೋಣ ಅಂದರೆ ಹೆಂಡತಿ ಯಾಕೆ ಅಂತ ಕೇಳುತ್ತಾಳೆ, ಉತ್ತರ ಇಲ್ಲ.' ಇನ್ನೊಬ್ಬರು, 'ನೋಡಲು ಬ್ರೆಡ್ಡಿನ ಡಬ್ಬ, ಹಿಂದೆ ಕೂತರೆ ಬೆನ್ನು ಕುಣಿಯುತ್ತದೆ, ಆದರೂ ಮಾರುವುದಿಲ್ಲ' ಅಂದಿದ್ದರು.

ಅಕ್ಕನ ಅಭಿಪ್ರಾಯ ಎಷ್ಟು ಸಲ ಕೇಳಿದರೂ ಸಿಗುತ್ತಿರಲಿಲ್ಲ. "ಎಂತ ಅಭಿಪ್ರಾಯ ಮಾರಾಯ್ತಿ? ಕಾರು ಅದು, ಓಡ್ತದೆ. ಅದಕ್ಕೆ ನನ್ನ ಬಗ್ಗೆ ಎಂತ ಅಭಿಪ್ರಾಯ ಉಂಟು ಅಂತ ಕೇಳಿದ್ಯಾ?"

ಕೊಡದಿದ್ದರೆ ಬೇಡ, ನಾನೇ ಚರಿತ್ರೆ ಹೇಳುತ್ತೇನೆ ಅಂತ ಒಂದು ಸಂಜೆ ಶುರು ಮಾಡಿದೆ. ಅಕ್ಕ ಉದ್ದು ಆರಿಸುತ್ತಿದ್ದರು, ಭಟ್ರು ಕಾಯಿ ತುರಿಯುತ್ತಿದ್ದರು.

"ಅಕ್ಕಾ, ಈ ಕಂಪನಿ ಮೊದಲು ಕಾರೇ ಮಾಡ್ತಿರಲಿಲ್ಲ. ಮಗ್ಗ ಮಾಡ್ತಿತ್ತು."

"ಯಾವ ಮಗ್ಗ? ಸೂರತ್ತಿನಲ್ಲಿ ಉಂಟಲ್ಲ, ಬಟ್ಟೆಯ ಮಗ್ಗವಾ?"

"ಅದೇ. ಸಕಿಚಿ ಟೊಯೊಡಾ ಅಂತ ಒಬ್ಬರು. ಬಡಗಿಯ ಮಗ. ಅವರು ಮಾಡಿದ ಮಗ್ಗದ ವಿಶೇಷ ಏನು ಗೊತ್ತಾ? ಒಂದು ನೂಲು ಹರಿದರೂ ಸಾಕು, ಮಗ್ಗ ತಾನಾಗೇ ನಿಲ್ಲುತ್ತೆ. ಕೆಟ್ಟ ಬಟ್ಟೆ ನೇಯೋದೇ ಇಲ್ಲ. ಆ ಮಗ್ಗದ ಹಕ್ಕನ್ನ ಇಂಗ್ಲೆಂಡಿನವರಿಗೆ ಮಾರಿದರು. ಮಗ ಕಾರು ಮಾಡೋಕೆ ಹೊರಟ. ಸಾವಿರದ ಒಂಬೈನೂರ ಮೂವತ್ತೇಳರಲ್ಲಿ ಕಾರಿನ ಕಂಪನಿ ಆಯ್ತು. ಕಾರಿನ ಫ್ಯಾಕ್ಟರಿಯಲ್ಲೂ ಅದೇ ಪದ್ಧತಿ. ತಲೆ ಮೇಲೆ ಒಂದು ಹಗ್ಗ ಇರುತ್ತೆ. ಏನಾದ್ರೂ ಸರಿ ಇಲ್ಲ ಅಂತ ಕಂಡರೆ ಯಾವ ಕೆಲಸಗಾರ ಬೇಕಾದ್ರೂ ಎಳೀಬಹುದು, ಸರಿ ಹೋಗದಿದ್ದರೆ ಲೈನ್ ನಿಲ್ಲುತ್ತೆ. ಇನ್ನೂ ಒಂದು ಮಜಾ ಹೇಳ್ತೀನಿ. ನಿಮ್ಮ ಗಾಡಿ ಹುಟ್ಟಿದ್ದು ಎಲ್ಲಿ ಹೇಳಿ?"

"ಜಪಾನಿನಲ್ಲಿ."

"ಬಿಡದಿಯಲ್ಲಿ! ರಾಮನಗರದ ಹತ್ರ!"

ಭಟ್ರ ತುರಿಯುವ ಕೈ ನಿಂತಿತು. "ಹೌದಾ? ಹಾಗಾದ್ರೆ ಕನ್ನಡದ್ದೇ. ನಾನು ಹದಿನಾರು ವರ್ಷದಿಂದ ಅದಕ್ಕೆ ಹಿಂದಿಯಲ್ಲಿ ಬೈತಾ ಇದ್ದೆ."

ಅಕ್ಕ ನಗುತ್ತಾ ಉದ್ದಿನ ಮೊರ ಕೆಳಗಿಟ್ಟರು. "ನಿನ್ನ ಜಪಾನಿಯವರ ಹಗ್ಗ ನಮ್ಮಲ್ಲೂ ಉಂಟಲ್ಲ. ಕಾಣಲಿಲ್ವಾ ನಿಂಗೆ?"

ಕಂಡಿತ್ತು. ಕ್ವಾಲಿಸ್‌ನ ಹಿಂದಿನ ಬಾಗಿಲು ಎತ್ತಿದಾಗ ಅದರ ಕೊಕ್ಕೆಗೆ ಒಂದು ಹಳೆಯ ಸ್ಟೀಲ್ ತಟ್ಟೆ ನೇತಾಡುತ್ತದೆ, ಪಕ್ಕದಲ್ಲಿ ದಾರ ಕಟ್ಟಿದ ಸೌಟು. ತಿನ್ನುವವರಿಗೆ ಏನಾದರೂ ವಾಸನೆ, ಹುಳಿ, ಕೂದಲು, ಏನೇ ಅನಿಸಿದರೂ ತಟ್ಟೆಗೆ ಸೌಟಿನಿಂದ ಹೊಡೆಯಬೇಕು. ಹೊಡೆದ ತಕ್ಷಣ ಬಡಿಸುವುದು ನಿಲ್ಲುತ್ತದೆ. ಅಕ್ಕ ಬಂದು ರುಚಿ ನೋಡಿ ಸರಿ ಅಂದ ಮೇಲೆಯೇ ಮುಂದಕ್ಕೆ. ೨೦೧೧ರಲ್ಲಿ ಒಬ್ಬ ಫಿಟ್ಟರ್ ಹೊಡೆದಿದ್ದನಂತೆ. ಚಟ್ನಿಯಲ್ಲಿ ಸೀಮೆಎಣ್ಣೆಯ ವಾಸನೆ, ತುಂಬ ಸಣ್ಣದು. ಮುನ್ನೂರು ಜನರ ಚಟ್ನಿಯನ್ನು ಅಕ್ಕ ಅಲ್ಲೇ ಚರಂಡಿಗೆ ಸುರಿದು, ಬರೀ ಸಾಂಬಾರಿನಲ್ಲಿ ಇಡ್ಲಿ ಕೊಟ್ಟಿದ್ದರು.

ಈಗ ತಟ್ಟೆಗೆ ಹೊಡೆಯುವವನು ಹೆಚ್ಚಾಗಿ ನಮ್ಮ ಗೇಟಿನ ವಾಚ್‌ಮನ್ ಜೀವಣ್‌ಭಾಯಿ. "ಸಾವಿತ್ರಿಬೆನ್, ಸಾಂಭಾರ್ ಮಾ ಗೋಳ್ ನಥೀ!" ಸಾಂಬಾರಿನಲ್ಲಿ ಬೆಲ್ಲ ಇಲ್ಲ ಅಂತ ಅವನ ದೂರು.

"ಬೆಲ್ಲ ಇಲ್ಲ ಅಂತ ಹೊಡೆದ್ರೆ ಲೆಕ್ಕಕ್ಕಿಲ್ಲ, ಭಾಯಿ. ಅದು ಸಾಂಬಾರು, ಶೀರಾ ಅಲ್ಲ" ಅಂತ ಅಕ್ಕ ಗುಜರಾತಿಯಲ್ಲಿ ಬೈಯುತ್ತಾರೆ. ಆದರೂ ಪ್ರತಿ ಸಲ ಒಂದು ಚಮಚ ಬಾಯಿಗೆ ಹಾಕಿಕೊಂಡು ನೋಡುತ್ತಾರೆ.

೨೦೨೩ರ ಜನವರಿ ಬಂತು. ಗಾಡಿಗೆ ಇಪ್ಪತ್ತು ವರ್ಷ. ರಿಜಿಸ್ಟ್ರೇಷನ್ ಹದಿನೇಳನೇ ತಾರೀಖಿಗೆ ಮುಗಿಯುತ್ತಿತ್ತು. ಹದಿನೈದು ವರ್ಷ ಆದಾಗ ಒಂದು ಸಲ ಐದು ವರ್ಷಕ್ಕೆ ನವೀಕರಿಸಿದ್ದರು, ಈಗ ಮತ್ತೆ ಆರ್‌ಟಿಒ ಇನ್‌ಸ್ಪೆಕ್ಟರ್ ನೋಡಿ ಸಹಿ ಹಾಕಬೇಕು. ಹಾಕದಿದ್ದರೆ ಹದಿನೆಂಟರಿಂದ ಗಾಡಿ ರಸ್ತೆಗೆ ಇಳಿಯುವಂತಿಲ್ಲ. ಗಾಡಿ ಇಲ್ಲದಿದ್ದರೆ ಮೂರು ಗೇಟು ಮತ್ತೆ ಒಂದಾಗುತ್ತದೆ. ಆಗಲೇ ಒಬ್ಬ ವ್ಯಾನಿನವನು ಎರಡನೇ ಗೇಟಿನ ಮ್ಯಾನೇಜರನ್ನು ಹೋಗಿ ಕಂಡಿದ್ದ, ಅವಲಕ್ಕಿಯ ಪೋಹಾ ಮತ್ತು ಇಡ್ಲಿ ಎರಡೂ ಕೊಡುತ್ತೇನೆ ಅಂತ. ಆ ಮ್ಯಾನೇಜರ್ ಒಳ್ಳೆಯವರೇ, ಆದರೆ ನೇರವಾಗಿ ಹೇಳಿದ್ದರು: "ಬೆನ್, ಎರಡು ದಿನ ನೀವು ಬರದಿದ್ದರೆ ನನ್ನ ಜನ ಹಸಿದುಕೊಂಡು ಇರುವುದಿಲ್ಲ."

ಇನ್‌ಸ್ಪೆಕ್ಷನ್ ಹದಿನಾರಕ್ಕೆ, ಸೋಮವಾರ ಹನ್ನೊಂದು ಗಂಟೆಗೆ ಸಿಕ್ಕಿತು. ತಯಾರಿಯೆಲ್ಲ ನನ್ನದು ಅಂತ ನಾನೇ ಮುಂದೆ ಬಿದ್ದೆ. ಹದಿನಾಲ್ಕು, ಹದಿನೈದು ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ ರಜ. ಇಡೀ ಊರು ತಾರಸಿ ಮೇಲೆ ಗಾಳಿಪಟ ಹಾರಿಸುತ್ತಿದ್ದರೆ ನಾನು ಕೆಳಗೆ ಕ್ವಾಲಿಸ್ ತೊಳೆಯುತ್ತಿದ್ದೆ. ಲೈಟು, ಹಾರನ್, ವೈಪರ್ ಒಂದೊಂದಾಗಿ ನೋಡಿದೆ. ಹದಿನೈದರ ಬೆಳಿಗ್ಗೆ ಪಾಲಿಶ್ ಕೂಡ ಹೊಡೆದೆ. ಕೀ ನನ್ನ ಜೇಬಿನಲ್ಲೇ ಇತ್ತು.

ಮಧ್ಯಾಹ್ನ ನಾನೂ ತಾರಸಿಗೆ ಹೋದೆ. ಒಂದು ಗಂಟೆಯ ಮೇಲೆ ಬಗ್ಗಿ ನೋಡಿದರೆ ಗಾಡಿಯ ಮೇಲೆಲ್ಲ ಹರಿದ ಮಾಂಜಾ ದಾರ, ಪಟದ ಚೂರು. ಇಳಿದು ಬಂದೆ. ನಾಲ್ಕೂ ಕಿಟಕಿ ಒಂದೊಂದು ಬೆರಳಿನಷ್ಟು ತೆರೆದಿದ್ದವು. ಮುಂದಿನ ಸೀಟಿನಲ್ಲಿ ಬಟ್ಟೆ ಕಟ್ಟಿ, ತಟ್ಟೆ ಮುಚ್ಚಿದ ಪಾತ್ರೆ, ಬೆಲ್ಟ್ ಸಮೇತ. ಎರಡನೇ ಕೀಯಿಂದ ಭಟ್ರು ತೆಗೆದು ಇಟ್ಟಿರಬೇಕು, ನಾಳೆಗೆ ಈಗಲೇ ಸಿದ್ಧತೆ ಅಂದುಕೊಂಡೆ. ಇಷ್ಟು ಉಜ್ಜಿದ ಗಾಡಿಯೊಳಗೆ ಧೂಳು ಬೀಳುತ್ತದಲ್ಲ ಅಂತ ನಾಲ್ಕೂ ಗ್ಲಾಸು ಪೂರ್ತಿ ಏರಿಸಿ, ಲಾಕ್ ಮಾಡಿ ಮತ್ತೆ ಮೇಲೆ ಹೋದೆ.

ಈಗ ಒಂದು ವಿಷಯ ಹೇಳಬೇಕು. ಅದು ಅವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. ಹಿರಿಯಡ್ಕದಲ್ಲಿ ಹಿಟ್ಟು ರುಬ್ಬಿಟ್ಟರೆ ತಾನಾಗಿ ಹುದುಗುತ್ತದೆ. ವಡೋದರಾದ ಜನವರಿಯಲ್ಲಿ ಅದು ಸುಣ್ಣದ ನೀರಿನ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಅಕ್ಕ ಕಂಬಳಿ ಹೊದಿಸಿ ನೋಡಿದ್ದರು, ಒಲೆಯ ಪಕ್ಕ ಇಟ್ಟು ನೋಡಿದ್ದರು. ಕಾರು ಬಂದ ಮೊದಲ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಪಾತ್ರೆಯನ್ನು ಬಿಸಿಲಿನಲ್ಲಿ ನಿಂತ ಗಾಡಿಯಲ್ಲೇ ಮರೆತುಬಿಟ್ಟರು. ಸಂಜೆ ತೆರೆದರೆ ಹಿಟ್ಟು ಊರಿನಲ್ಲಿ ಉಬ್ಬಿದ ಹಾಗೆ ಉಬ್ಬಿತ್ತು. ಅಂದಿನಿಂದ ಪ್ರತಿ ಚಳಿಗಾಲ ಬೆಳಿಗ್ಗೆ ರುಬ್ಬಿದ್ದು ಮಧ್ಯಾಹ್ನ ಕಾರಿಗೆ, ಸಂಜೆ ಫ್ರಿಜ್ಜಿಗೆ. ಕಿಟಕಿ ಮಾತ್ರ ಒಂದು ಬೆರಳು ಇಳಿಸಿರಬೇಕು, ಇಲ್ಲದಿದ್ದರೆ ಕಾವು ಮೀರುತ್ತದೆ. ಅವತ್ತು ರಜ ಮುಗಿಸಿ ಬರುವವರಿಗೆಂದು ಪಾತ್ರೆ ಮಾಮೂಲಿಗಿಂತ ತುಂಬಿತ್ತು ಬೇರೆ.

ಐದು ಗಂಟೆಗೆ ಅಕ್ಕ ಕೂಗಿದ್ದು ತಾರಸಿಗೆ ಕೇಳಿಸಿತು.

"ಅಯ್ಯೋ ದೇವರೇ! ಗ್ಲಾಸು ಯಾರು ಏರಿಸಿದ್ದು?"

ಓಡಿ ಬಂದೆ. ಹಿಟ್ಟು ಮುಚ್ಚಿದ ತಟ್ಟೆಯನ್ನು ಎತ್ತಿ ಹಾಕಿ, ಬಟ್ಟೆಯ ಅಂಚಿನಿಂದ ಇಳಿದು, ಬೆಲ್ಟಿನ ಗುಂಟ ಹರಿದು, ಸೀಟಿನಲ್ಲಿ ಮಡು ನಿಂತಿತ್ತು. ಹ್ಯಾಂಡ್‌ಬ್ರೇಕಿಗೆಲ್ಲ ಹಿಟ್ಟು. ಅಂಚಿನಲ್ಲಿದ್ದದ್ದು ಒಣಗಿ ಅಂಟಾಗಿತ್ತು.

"ನಾನು, ಅಕ್ಕಾ. ಧೂಳು ಬೀಳುತ್ತೆ ಅಂತ..."

ಬೈಯುತ್ತಾರೆ ಅಂದುಕೊಂಡೆ. ಅಕ್ಕ ಪಾತ್ರೆಯೊಳಗೆ ಇಣುಕಿದರು. "ಅರ್ಧ ಉಳಿದಿದೆ. ಹುಳಿ ಆಗಿಲ್ಲ, ಪುಣ್ಯ. ನಿಲ್ಬೇಡ ಮಾರಾಯ್ತಿ, ಬಾಲ್ದಿ ತಾ."

ಭಟ್ರು ಹಿಂದಿನ ಬಾಗಿಲಿನ ಹತ್ತಿರ ಹೋಗಿ, ಸೌಟು ತೆಗೆದು ತಟ್ಟೆಗೆ ಒಂದು ಏಟು ಹಾಕಿದರು. "ಹಿಟ್ಟು ಕಾರಿನಲ್ಲಿ ಜಾಸ್ತಿ, ಪಾತ್ರೆಯಲ್ಲಿ ಕಮ್ಮಿ."

"ನಿಮ್ಮದೊಂದು" ಅಂತ ಅಕ್ಕ ಗದರಿದರು. ಆದರೆ ನಕ್ಕರು.

ಸೀಟು ತೊಳೆದೆವು, ಕಾರ್ಪೆಟ್ ತೊಳೆದೆವು. ಬೆಲ್ಟಿನ ಕೊಂಡಿ ಸಿಕ್ಕಿಹಾಕಿಕೊಂಡಿತ್ತು, ಕೆಂಪು ಗುಂಡಿ ಒಳಗೆ ಹೋಗುತ್ತಿರಲಿಲ್ಲ. ಬಿಸಿನೀರು ಹುಯ್ದು ಹುಯ್ದು ಅರ್ಧ ಗಂಟೆಗೆ ಬಿಡಿಸಿದೆವು. ಆಮೇಲೆ ನೋಡಿದರೆ ಉಲ್ಟಾ. ಕೊಂಡಿ ಒಳಗೆ ಹೋಗುತ್ತದೆ, ಹಿಡಿಯುವುದಿಲ್ಲ. ಸ್ವಲ್ಪ ಎಳೆದರೆ ಕೈಗೆ ಬರುತ್ತದೆ. ಹಿಟ್ಟು ಒಳಗಿನ ಸ್ಪ್ರಿಂಗಿನಲ್ಲಿ ಕೂತುಬಿಟ್ಟಿತ್ತು. ಹಬ್ಬದ ರಜ, ಯಾವ ಗ್ಯಾರೇಜೂ ತೆರೆದಿರಲಿಲ್ಲ.

"ಅಕ್ಕಾ, ಇನ್‌ಸ್ಪೆಕ್ಟರ್ ಡ್ರೈವರ್ ಬೆಲ್ಟ್ ಮಾತ್ರ ನೋಡ್ತಾರೆ" ಅಂದೆ. "ಈ ಕಡೆದು ಸುಮ್ನೆ ಸಿಕ್ಕಿಸಿ ಇಟ್ಟರೆ ಹಾಕಿದ ಹಾಗೇ ಕಾಣುತ್ತೆ. ಸಹಿ ಆದ ಮೇಲೆ ರಿಪೇರಿ ಮಾಡಿಸೋಣ."

ಅಕ್ಕ ಕೈ ತೊಳೆದುಕೊಂಡು ಒಳಗೆ ಹೋದರು.

ಮರುದಿನ ಉಳಿದ ಹಿಟ್ಟಿನಲ್ಲೇ ಮೂರು ಗೇಟು ಮುಗಿಸಿ, ಹನ್ನೊಂದಕ್ಕೆ ಆರ್‌ಟಿಒ ಅಂಗಳದಲ್ಲಿ ಇದ್ದೆವು. ಇನ್‌ಸ್ಪೆಕ್ಟರ್ ಕನ್ನಡಕದ ಮನುಷ್ಯ, ಮಾತು ಕಮ್ಮಿ. ಛಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡಿದರು. ಲೈಟು ನೋಡಿದರು. ಬಾನೆಟ್ ಎತ್ತಿ ಎಂಜಿನ್ನಿನ ಸದ್ದು ಕೇಳಿದರು. ಅಕ್ಕ ಗಾಡಿಯನ್ನು ಅಂಗಳದ ತುದಿಯವರೆಗೆ ಓಡಿಸಿ ಬ್ರೇಕ್ ಹಾಕಿ ತೋರಿಸಿದರು, ರಿವರ್ಸಿನಲ್ಲಿ ಗೆರೆ ತಪ್ಪದೆ ವಾಪಸ್ ಬಂದರು. ಭಟ್ರು ದೂರದಲ್ಲಿ ನಿಂತು ಕೈ ಬೀಸುತ್ತಾ, "ಬರ್ಲಿ, ಬರ್ಲಿ."

ಇನ್‌ಸ್ಪೆಕ್ಟರ್ ಡ್ರೈವರ್ ಬೆಲ್ಟ್ ಎಳೆದು ನೋಡಿದರು. ಪಕ್ಕದ ಸೀಟಿನ ಕಡೆ ಕಣ್ಣು ಹಾಯಿಸಿದರು. ಬೆಲ್ಟ್ ಅಚ್ಚುಕಟ್ಟಾಗಿ ಸಿಕ್ಕಿಸಿಕೊಂಡು ಕೂತಿತ್ತು, ನಾನೇ ಸಿಕ್ಕಿಸಿದ್ದೆ. "ಬರಾಬರ್ ಛೆ" ಅಂದರು. ಸರಿ ಇದೆ ಅಂತ. ಪೆನ್ನಿನ ಮುಚ್ಚಳ ತೆಗೆದರು.

"ಸಾಹೇಬ್" ಅಂದರು ಅಕ್ಕ. "ಆ ಕಡೆಯ ಬೆಲ್ಟ್ ಹಿಡಿಯುವುದಿಲ್ಲ. ಎಳೆದು ನೋಡಿ."

ನಾನು ಅಕ್ಕನ ಸೆರಗು ಜಗ್ಗಿದೆ. ಅವರು ತಿರುಗಲಿಲ್ಲ.

ಇನ್‌ಸ್ಪೆಕ್ಟರ್ ಎಳೆದರು. ಬೆಲ್ಟ್ ಸರ್ರನೆ ಕೈಗೆ ಬಂತು. "ಹೇಗೆ ಹಾಳಾಯಿತು?"

"ಹಿಟ್ಟು ಬಿದ್ದು."

"ಯಾವ ಹಿಟ್ಟು?"

"ಇಡ್ಲಿ ದೋಸೆಯದು. ಆ ಸೀಟಿನಲ್ಲಿ ಹಿಟ್ಟು ಕೂರುತ್ತದೆ."

"ಹಿಟ್ಟಿಗೆ ಬೆಲ್ಟ್ ಯಾಕೆ?"

"ಹಾಕದಿದ್ದರೆ ಇವರ ಮಡಿಲಿಗೆ ಬರುತ್ತದೆ" ಅಂತ ಅಕ್ಕ ಭಟ್ರನ್ನು ತೋರಿಸಿದರು.

ಇನ್‌ಸ್ಪೆಕ್ಟರ್ ನಕ್ಕರು. ನಕ್ಕು, ಪೆನ್ನಿನ ಮುಚ್ಚಳ ಹಾಕಿದರು. "ಬೆನ್, ನೀವು ಹೇಳಿಬಿಟ್ಟಿರಿ, ನಾನೂ ನೋಡಿಬಿಟ್ಟೆ. ಈಗ ಸಹಿ ಹಾಕಲು ಬರುವುದಿಲ್ಲ. ಸರಿ ಮಾಡಿಸಿ ತನ್ನಿ. ನಾಳೆ ಐದರವರೆಗೆ ಇರುತ್ತೇನೆ."

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಯಾಕಕ್ಕಾ ಹೇಳಿದ್ರಿ? ಸಹಿ ಆಗೇ ಹೋಗ್ತಿತ್ತು! ನಾಳೆ ಒಂದೇ ದಿನ ಇರೋದು. ಇಪ್ಪತ್ತು ವರ್ಷದ ಗಾಡಿಗೆ ಬೆಲ್ಟ್ ಎಲ್ಲಿಂದ ತರೋದು?"

"ಹಿಟ್ಟು ದಿನಾ ಕೂತ್ಕೊಳ್ಳುದಾ ಅಲ್ಲಿ? ಮೊನ್ನೆ ಸ್ಟೇಷನ್ನಿಗೆ ಹೋಗುವಾಗ ಯಾರು ಕೂತದ್ದು?"

ನಾನು ಕೂತಿದ್ದೆ.

"ಹಿಟ್ಟಾದ್ರೆ ಚೆಲ್ತದೆ, ಒರೆಸುವ. ನಿನ್ನನ್ನು ಎಂತ ಮಾಡುದು? ನಿನ್ನಮ್ಮನಿಗೆ ನಾನು ಎಂತ ಹೇಳುದು? ಸಹಿ ಆದ ಮೇಲೆ ಮಾಡಿಸುವ ಅಂದ್ರೆ ಆಗುದಿಲ್ಲ ಅದು, ನಂಗೆ ನನ್ನ ಗುಣ ಗೊತ್ತುಂಟು. ನಾಳೆ, ನಾಡಿದ್ದು, ಮುಂದಿನ ವಾರ. ಈಗ ನಿಲ್ಲಿಸಿದ್ರೆ ಈಗ ಆಗ್ತದೆ."

ಭಟ್ರು ಮೆಲ್ಲಗೆ ಹೇಳಿದರು, "ಈಗ ಆಗ್ಬೇಕಲ್ಲ, ಅದು."

ಅವತ್ತು ಮಧ್ಯಾಹ್ನ ವಡೋದರಾದ ನಾಲ್ಕು ಸ್ಪೇರ್‌ಪಾರ್ಟ್ಸ್ ಅಂಗಡಿ ಸುತ್ತಿದೆವು. ತರಿಸಿ ಕೊಡುತ್ತೇವೆ, ನಾಲ್ಕು ದಿನ ಬೇಕು ಅಂದರು ಎಲ್ಲರೂ. ಸಂಜೆ ನಾನು ಗ್ರೂಪಿಗೆ ಬರೆದೆ. ಏನಾಯಿತು ಅಂತ ಮುಚ್ಚಿಡದೆ, ಕಿಟಕಿ ಏರಿಸಿದ್ದು ನಾನೇ ಅಂತಲೂ ಬರೆದೆ. ಹತ್ತು ನಿಮಿಷಕ್ಕೆ ಸೂರತ್ತಿನಿಂದ ಫೋನ್. ಯಶವಂತ್ ಅಂತ, ರಾಣೆಬೆನ್ನೂರಿನವರು, ಸೂರತ್ತಿನಲ್ಲಿ ಪವರ್‌ಲೂಮಿನ ಬಿಡಿಭಾಗಗಳ ಅಂಗಡಿ. ಅವರ ಕ್ವಾಲಿಸ್‌ಗೆ ಲಾರಿ ಹಿಂದಿನಿಂದ ಗುದ್ದಿದ ಮೇಲೆ ಬಿಚ್ಚಿ ಭಾಗಗಳನ್ನೆಲ್ಲ ಗೋಡೌನಿನಲ್ಲಿ ಇಟ್ಟಿದ್ದರು.

"ಎಡಗಡೆ ಬೆಲ್ಟ್ ಐತಿ ತಂಗಿ, ಕೊಂಡಿ ಸಮೇತ. ಹೊಸಾದ್ ಇದ್ದಂಗ ಐತಿ. ನಮ್ಮನಿಯಾಕಿ ಹದಿನಾಲ್ಕು ವರ್ಷ ಆ ಸೀಟಿನ್ಯಾಗ ಕುಂತ್ಲು, ಒಂದ್ ದಿನಾನೂ ಹಾಕ್ಲಿಲ್ಲ. ಸೀರಿ ಮುದುಡತೈತಂತ."

ಹದಿನೇಳರ ಬೆಳಿಗ್ಗೆ ರಜ ಹಾಕಿ ಮೊದಲ ರೈಲಿಗೆ ಸೂರತ್ತಿಗೆ ಹೋದೆ. ಯಶವಂತರ ಅಂಗಡಿಯಿರುವ ಗಲ್ಲಿಯಲ್ಲಿ ಪಕ್ಕದವರ ಮಾತು ಕೇಳಿಸುವುದಿಲ್ಲ, ಎರಡೂ ಕಡೆ ಮಗ್ಗಗಳು. ಬೆಲ್ಟನ್ನು ಪೇಪರಿನಲ್ಲಿ ಸುತ್ತಿ ಕೊಟ್ಟರು. ನಾನು ಮಗ್ಗದ ಕಡೆಯೇ ನೋಡುತ್ತಿದ್ದದ್ದು ಕಂಡು, "ಗ್ರೂಪಿನ್ಯಾಗ ಅಷ್ಟುದ್ದ ಬರೀತಿ, ಮಗ್ಗ ನಿಲ್ಲೂದು ಯಾವಾಗರ ನೋಡೀಯೇನು?" ಅಂತ ಕೇಳಿದರು. ಇಲ್ಲ ಅಂದೆ. ಪಕ್ಕದ ಶೆಡ್ಡಿಗೆ ಕರೆದುಕೊಂಡು ಹೋಗಿ, ಅಲ್ಲಿನವರಿಗೆ ಹೇಳಿ, ಓಡುತ್ತಿದ್ದ ಒಂದು ಮಗ್ಗದ ಸಾವಿರಾರು ಎಳೆಗಳಲ್ಲಿ ಒಂದನ್ನು ಕತ್ತರಿಯಿಂದ ಕತ್ತರಿಸಿದರು. ಸಣ್ಣದೊಂದು ಲೋಹದ ಪಟ್ಟಿ ಕೆಳಗೆ ಬಿತ್ತು, ಮಗ್ಗ ಟಕ್ ಅಂತ ನಿಂತಿತು. ಉಳಿದವು ಓಡುತ್ತಲೇ ಇದ್ದವು. ನೇಕಾರ ಬಂದು ಎಳೆ ಹುಡುಕಿ ಗಂಟು ಹಾಕಿದ, ಮತ್ತೆ ಓಡಿಸಿದ. ಒಂದು ನಿಮಿಷವೂ ಆಗಲಿಲ್ಲ.

"ಇಷ್ಟ ನೋಡು" ಅಂದರು ಯಶವಂತ್. "ಇದ್ರಾಗ ದೊಡ್ಡಸ್ತಿಕೆ ಏನಿಲ್ಲ. ನಿಲ್ಲೂದಂದ್ರ ಬ್ಯಾಸರಾ ಮಾಡ್ಕೋಬಾರ್ದು. ಹೋಗು, ನಿನ್ನ ಟ್ರೇನ್ ತಪ್ಪತೈತಿ."

ಎರಡೂವರೆಗೆ ವಡೋದರಾ ಸ್ಟೇಷನ್. ಅಕ್ಕ ಗಾಡಿ ಸಮೇತ ಗ್ಯಾರೇಜಿನಲ್ಲೇ ಕಾಯುತ್ತಿದ್ದರು. ಮೆಕ್ಯಾನಿಕ್ ಹಳೆಯ ಕೊಂಡಿ ಬಿಚ್ಚಿ ಕುಟ್ಟಿದಾಗ ಒಣಗಿದ ಹಿಟ್ಟು ಪುಡಿಪುಡಿಯಾಗಿ ಬಿತ್ತು. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹೊರಟೆವು. ನಾಲ್ಕೂವರೆಗೆ ಇನ್‌ಸ್ಪೆಕ್ಟರ್ ಬೆಲ್ಟನ್ನು ಎಳೆದರು, ಇನ್ನೊಂದು ಸಲ ಜೋರಾಗಿ ಎಳೆದರು. ಬರಲಿಲ್ಲ. ಸಹಿ ಹಾಕಿದರು. ಐದು ವರ್ಷ.

"ಹಿಟ್ಟನ್ನು ಎಲ್ಲಿ ಕೂರಿಸುತ್ತೀರಿ ಇನ್ನು?" ಅಂತ ಕೇಳಿದರು.

"ಹಿಂದೆ, ನಡುವಿನ ಸೀಟಿನ ಮುಂದೆ, ಕೆಳಗೆ. ಹಗ್ಗ ಕಟ್ಟಿ" ಅಂದರು ಅಕ್ಕ.

ಮರುದಿನ ಏಳೂಕಾಲಕ್ಕೆ ಕ್ವಾಲಿಸ್ ನಮ್ಮ ಗೇಟಿಗೆ ಬಂದಾಗ ಮುಂದಿನ ಸೀಟಿನಲ್ಲಿ ಭಟ್ರು ಇದ್ದರು. ಎದೆ ಮೇಲೆ ಬೆಲ್ಟ್, ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲೆ, ಕಣ್ಣು ಅರ್ಧ ಮುಚ್ಚಿಕೊಂಡಿದ್ದರು.

"ಹೇಗಿತ್ತು ಭಟ್ರೇ?"

"ಹದಿನಾರು ವರ್ಷ ಹಿಂದೆ ಕೂತದ್ದೇ ಒಳ್ಳೇದಾಗಿತ್ತು. ಮುಂದೆ ಕೂತ್ರೆ ಇವಳು ಓಡಿಸುದು ಕಾಣ್ತದೆ."

ಜೀವಣ್‌ಭಾಯಿ ತಟ್ಟೆಗೆ ಹೊಡೆದ. ಬೆಲ್ಲ ಇಲ್ಲ ಅಂತ. ಅಕ್ಕ ಒಂದು ಚಮಚ ಸಾಂಬಾರು ಬಾಯಿಗೆ ಹಾಕಿಕೊಂಡು ನೋಡಿದರು, ಬೈದರು, ಬಡಿಸಲು ಶುರು ಮಾಡಿದರು.

ಪ್ಲೇಟ್ ಕೊಡುವಾಗ ನನ್ನ ಹತ್ತಿರ ಬಗ್ಗಿದರು. "ನಿನ್ನ ಗ್ರೂಪಿಗೆ ಅಭಿಪ್ರಾಯ ಬೇಕು ಅಂತಿದ್ಯಲ್ಲ, ಬರ್ಕೋ."

ಫೋನ್ ತೆಗೆದೆ. ಅವರು ಸೌಟು ಕೆಳಗಿಡದೆ ಹೇಳಿದರು, ನಾನು ಹಾಗೇ ಬರೆದು ಕಳಿಸಿದೆ:

'ಕ್ವಾಲಿಸ್, ೨೦೦೩. ಹಿಟ್ಟು ಚೆನ್ನಾಗಿ ಹುದುಗ್ತದೆ. ಗ್ಲಾಸು ಒಂದು ಬೆರಳು ಇಳಿಸಿರಬೇಕು. ಪಾತ್ರೆ ಮುಕ್ಕಾಲು ಮಾತ್ರ ತುಂಬಿಸಿ. ಸಾವಿತ್ರಿ, ಮಾಂಜಲ್‌ಪುರ.'